ನಂಜುಂಡಯ್ಯನ ಕೋಳಿ ಫಾರಂಗೆ ಬಂದ ಬೀಗರ ಕಡೆಯವನು

ಕೂಲಿ ಕೇಳಿಕೊಂಡು ಬಂದವನಿಗೆ ಕುರ್ಚಿ ಒರೆಸಿ ಕೊಟ್ಟ ಯಜಮಾನನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಕೋಡಿಹಳ್ಳಿ ರಸ್ತೆಯ ನಂಜುಂಡಯ್ಯ ಒರೆಸಿ ಕೊಟ್ಟ. ಅದೂ ಹೆಗಲ ಮೇಲಿನ ಹೊಸ ಟವೆಲಿನಲ್ಲಿ. ಆ ಟವೆಲಿನಲ್ಲಿ ತನ್ನ ಮುಖ ಒರೆಸಿಕೊಳ್ಳುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದ ಮನುಷ್ಯ ಅವನು. ಅಡಿಗೆಮನೆ ಕಿಟಕಿಯಿಂದ ಇದನ್ನು ಕಂಡ ಹೆಂಡತಿ ನಾಗಲಕ್ಷ್ಮಮ್ಮ, "ಇವ್ರಿಗೇನಪ್ಪ ಬಂತು ಬೆಳಗ್ಗೆ ಬೆಳಗ್ಗೇನೇ" ಅಂದುಕೊಂಡು ಒಗ್ಗರಣೆ ಸೀಯಿಸಿದಳು.

ವಿಷಯ ಇಷ್ಟೇ. ನಂಜುಂಡಯ್ಯನ ಮಗಳು ಕಾವೇರಿಗೆ ಇಪ್ಪತ್ತಾರು ತುಂಬಿತ್ತು. ಕನಕಪುರದಲ್ಲಿ ಬಿಕಾಂ ಮಾಡಿದ ಹುಡುಗಿ, ನೋಡಲು ಲಕ್ಷಣವಾಗಿದ್ದಳು, ಮಾತು ಮಾತ್ರ ಸ್ವಲ್ಪ ಖಾರ. ಬಂದ ಎರಡು ಸಂಬಂಧವೂ ತಪ್ಪಿಹೋಗಿದ್ದವು, ಎರಡಕ್ಕೂ ಕಾರಣ ಕೋಳಿ. ನಂಜುಂಡಯ್ಯನದು ಮೂರು ಶೆಡ್ಡಿನ ಫಾರಂ, ಎಂಟು ಸಾವಿರ ಮೊಟ್ಟೆ ಕೋಳಿ. ಗಾಳಿ ರಸ್ತೆ ಕಡೆ ತಿರುಗಿದರೆ ಬಸ್ಸಿನ ಕಂಡಕ್ಟರು ಸ್ಟಾಪಿನ ಹೆಸರು ಕೂಗುವ ಅಗತ್ಯವೇ ಇರಲಿಲ್ಲ, ಇಳಿಯುವವರು ಮೂಗು ಮುಚ್ಚಿಕೊಂಡು ತಾವೇ ಎದ್ದು ನಿಲ್ಲುತ್ತಿದ್ದರು. ಹಿಂದಿನ ಸಲ ಬಂದಿದ್ದ ಮಾಗಡಿಯವರು ಕೊಟ್ಟ ಕಾಫಿಯನ್ನೂ ಕುಡಿಯದೆ ಎದ್ದು ಹೋಗಿ, "ಹುಡುಗಿ ಚಿನ್ನ, ಗಾಳಿ ಮಾತ್ರ ನಮಗೆ ಒಗ್ಗಲ್ಲ" ಎಂದು ಹೇಳಿ ಕಳಿಸಿದ್ದರು. ಅವತ್ತಿನಿಂದ ನಂಜುಂಡಯ್ಯನಿಗೆ ಉಂಡ ಅನ್ನ ಮೈಗೆ ಹತ್ತಿರಲಿಲ್ಲ.

ಈಗ ಮೂರನೆಯ ಸಂಬಂಧ. ಬಿಡದಿಯ ರಾಮಲಿಂಗಯ್ಯನ ಎರಡನೇ ಮಗ, ಕಾರ್ ಫ್ಯಾಕ್ಟರಿಯಲ್ಲಿ ಕೆಲಸ, ಸ್ವಂತ ಮನೆ. ತಂದವನು ದಲ್ಲಾಳಿ ಮುನಿಶಾಮಯ್ಯ. ಅವನು ಹೋದ ವಾರ ಬಂದು, ಎಲೆ ಅಡಿಕೆ ಬಾಯಿಗೆ ತುಂಬಿಕೊಂಡು, ನಂಜುಂಡಯ್ಯನ ಕಿವಿಗೆ ಬಾಯಿ ಹಚ್ಚಿ ಹೇಳಿದ್ದ: "ನೋಡಣ್ಣ, ಅವ್ರು ಸೀದಾ ಹೆಣ್ಣು ನೋಡಕ್ಕೆ ಬರೋ ಪೈಕಿ ಅಲ್ಲ. ಮೊದಲು ಯಾರ್ನಾರ ಗೊತ್ತಾಗ್ದಂಗೆ ಕಳಿಸಿ ಮನೆತನ ವಿಚಾರಿಸ್ತಾರೆ. ಯಾರು, ಯಾವ ವೇಷದಲ್ಲಿ ಬತ್ತಾರೋ ನಂಗೂ ಹೇಳ್ನಿಲ್ಲ. ಹುಷಾರಾಗಿರು."

ನಮ್ಮ ಕಡೆ ಇದೇನು ಹೊಸದಲ್ಲ ಬಿಡಿ. ಹೆಣ್ಣು ತರುವವರೂ ಕೊಡುವವರೂ ಒಬ್ಬರ ಮನೆಯನ್ನೊಬ್ಬರು ಕದ್ದು ನೋಡಿಯೇ ನೋಡುತ್ತಾರೆ. ದಾರಿಹೋಕನ ಹಾಗೆ ಬಂದು ನೀರು ಕೇಳುವುದು, ನೀರು ಕೊಟ್ಟ ಚೊಂಬು ಬೆಳಗಿದೆಯೋ ಇಲ್ಲವೋ ನೋಡುವುದು, ಕೊಟ್ಟಿಗೆಯತ್ತ ಒಂದು ಕಣ್ಣು ಹಾಯಿಸುವುದು. ಖುದ್ದು ನಂಜುಂಡಯ್ಯನೇ ತಂಗಿಯ ಮದುವೆಗೆ ಮೊದಲು ಚನ್ನಪಟ್ಟಣದ ಕಡೆಯ ಒಂದು ಹಳ್ಳಿಗೆ ಎಮ್ಮೆ ಕೊಳ್ಳುವವನಾಗಿ ಹೋಗಿದ್ದ. ಎರಡು ದಿನ ಅವರ ಜಗಲಿಯಲ್ಲೇ ಠಿಕಾಣಿ ಹೂಡಿ, ಹನ್ನೊಂದು ಎಮ್ಮೆಗಳ ಹಲ್ಲು ನೋಡಿ, ಮನೆಗೆ ವಾಪಸು ಬಂದು "ಮನೆತನ ಒಳ್ಳೇದು, ಎಮ್ಮೆ ಸರಿಯಿಲ್ಲ" ಎಂದು ವರದಿ ಕೊಟ್ಟಿದ್ದ. ಇಂಥ ಅನುಭವಸ್ಥನ ಕಣ್ಣಿಗೆ ಮಣ್ಣೆರಚುವವರು ಯಾರಿದ್ದಾರೆ?

ಹಾಗಾಗಿ ಆ ಸೋಮವಾರ ಬೆಳಗ್ಗೆ ಗೇಟಿನ ಹತ್ತಿರ ಒಬ್ಬ ಬಂದು "ಕೆಲಸ ಇದೆಯಾ ಅಣ್ಣ" ಅಂದಾಗ ನಂಜುಂಡಯ್ಯನ ಕಿವಿ ನೆಟ್ಟಗಾಯಿತು. ಮೂವತ್ತರ ಆಸುಪಾಸಿನ ಮನುಷ್ಯ. ಲುಂಗಿ ಉಟ್ಟಿದ್ದ, ಆದರೆ ಆ ಲುಂಗಿಯ ಮಡಿಕೆ ಅಂಗಡಿಯಲ್ಲಿ ಹಾಕಿದ ಹಾಗೇ ಇತ್ತು. ಕೈಗಳು ಬೆಣ್ಣೆ.

"ಹೆಸ್ರೇನಪ್ಪ?"

"ಅಂಕಯ್ಯ."

ಈ ಕಾಲದಲ್ಲಿ ಮೂವತ್ತರ ಹುಡುಗನಿಗೆ ಅಂಕಯ್ಯ ಅಂತ ಹೆಸರಿಟ್ಟವರು ಯಾರು? ನಂಜುಂಡಯ್ಯ ಒಳಗೊಳಗೇ ನಕ್ಕ.

"ಯಾವೂರು?"

"ಮಾಗಡಿ ಕಡೆ. ಸಾವನದುರ್ಗದ ಹತ್ತಿರ."

"ಹತ್ರ ಅಂದ್ರೆ? ಬೆಟ್ಟದ ಈ ಕಡೆನೋ ಆ ಕಡೆನೋ?"

"ಪಕ್ಕದಲ್ಲಿ."

"ಯಾರ ಪೈಕಿ?"

ಪಾಪ, ಆ ಮನುಷ್ಯ ಲುಂಗಿ ಸರಿಮಾಡಿಕೊಂಡ. "ನಮ್ಮ... ನಮ್ಮ ಪೈಕಿಯವರೇ ಅಣ್ಣ."

ಅಷ್ಟಾಯಿತಲ್ಲ, ಆಮೇಲೆ ಕೂಲಿ ಎಷ್ಟು ಅಂತ ಕೇಳಬೇಕೋ ಬೇಡವೋ? ಕೇಳಲಿಲ್ಲ. "ಎಲ್ಲಾ ಶೆಡ್ಡೂ ನೋಡಬಹುದಾ?" ಎಂದು ಕೇಳಿದ. ನಂಜುಂಡಯ್ಯನಿಗೆ ಇನ್ನೇನು ಬೇಕು! ಬಂದ, ಬೀಗರ ಕಡೆಯವನು ಬಂದೇ ಬಂದ. ಆಗಲೇ ಕುರ್ಚಿ ಒರೆಸಿದ್ದು.

ಅವನು ನಿಜಕ್ಕೂ ಯಾರು ಅಂತ ನಿಮಗೆ ಹೇಳಿಬಿಡುತ್ತೇನೆ, ನಂಜುಂಡಯ್ಯನಿಗೆ ಮಾತ್ರ ಹೇಳಬೇಡಿ. ಬೆಂಗಳೂರಿನ ಒಂದು ಪ್ರಾಣಿದಯಾ ಸಂಘದವನು. ಕೂಲಿಯಾಳಿನ ಹಾಗೆ ಫಾರಂಗಳಿಗೆ, ಕಸಾಯಿಖಾನೆಗಳಿಗೆ ಸೇರಿಕೊಂಡು, ಅಲ್ಲಿ ಪ್ರಾಣಿಗಳಿಗೆ ಕೊಡುವ ಹಿಂಸೆಯನ್ನು ಗುಟ್ಟಾಗಿ ವಿಡಿಯೋ ಮಾಡುವುದು ಅವನ ಉದ್ಯೋಗ. ಅಂಗಿಯ ಎರಡನೇ ಗುಂಡಿಯಲ್ಲಿ ಕ್ಯಾಮೆರಾ ಇತ್ತು. ಬೇರೆ ಫಾರಂಗಳಲ್ಲಿ ಅವನನ್ನು ಗೊಬ್ಬರ ಬಾಚಲು ಹಚ್ಚಿ, ಬಯ್ದು, ವಾರಗಟ್ಟಲೆ ಯಾವ ಬಾಗಿಲನ್ನೂ ತೆರೆಯದೆ ಸತಾಯಿಸಿದ್ದರು. ಇಲ್ಲಿ ಮೊದಲನೇ ದಿನವೇ ಯಜಮಾನ "ಅಂಕಯ್ಯನೋರೆ, ಕಾಫಿ ತಕ್ಕಳಿ" ಅಂದ. ಆ ಬಡಪಾಯಿ ಇದೊಂದು ಬಲೆ ಇರಬೇಕು ಎಂದುಕೊಂಡು ಬೆವತುಹೋದ.

ಕಾಫಿ ಅವನು ಮುಟ್ಟಲಿಲ್ಲ. ಹಾಲು ಬೇಡ ಅಂದ. ಮಧ್ಯಾಹ್ನ ನಾಗಲಕ್ಷ್ಮಮ್ಮ ಮುದ್ದೆಗೆ ನಾಟಿ ಕೋಳಿ ಸಾರು ಬಡಿಸಲು ಬಂದರೆ ತಟ್ಟೆಗೆ ಕೈ ಅಡ್ಡ ಹಿಡಿದ. ಮೊಟ್ಟೆಯೂ ಬೇಡ. ಮೊಸರೂ ಬೇಡ. ತುಪ್ಪ ಬೇಡವೇ ಬೇಡ.

"ಹರಕೆ ಅಮ್ಮ" ಅಂದ.

ನಂಜುಂಡಯ್ಯ ಹೆಂಡತಿಯನ್ನು ಹಿತ್ತಲಿಗೆ ಎಳೆದುಕೊಂಡು ಹೋದ. "ನೋಡ್ದೇನಮ್ಮಿ? ಸಂಬಂಧ ಕುದುರೋ ಮುಂಚೆ ಆ ಮನೇಲಿ ಹಾಲು ತುಪ್ಪ ಉಣ್ಬಾರ್ದು ಅಂತ ನೇಮ ಇಟ್ಕಂಡವ್ನೆ. ನಾನು ಎಮ್ಮೆ ನೋಡಕ್ಕೋಗಿದ್ದಾಗ ಎರಡು ದಿನ ಬರೀ ಉಪ್ಸಾರ್ನಲ್ಲಿ ಉಂಡಿರ್ನಿಲ್ವಾ? ದೊಡ್ಡ ಮನೆತನ ಕಣೆ, ನೇಮಸ್ಥರು."

"ಅದಿರ್ಲಿ, ಅವ್ರ ಅಂಗಿ ಗುಂಡಿ ನೋಡಿದ್ರಾ? ಒಂದು ಮಾತ್ರ ದಪ್ಪಕ್ಕೈತೆ, ಮಿಕ್ಕವೆಲ್ಲಾ ಸಣ್ಣವು. ಅಷ್ಟ್ ದೊಡ್ಡ ಮನೆತನದಾಗೆ ಒಂದು ಗುಂಡಿ ಹೊಲಿಯೋರು ಗತಿಯಿಲ್ವಾ?"

ನಾಗಲಕ್ಷ್ಮಮ್ಮ ಅಷ್ಟಕ್ಕೇ ಬಿಡುವ ಹೆಂಗಸಲ್ಲ. ಸೂಜಿ ದಾರ ತಂದು, "ಬಿಚ್ಚಿಕೊಡಪ್ಪ, ಒಂದೇ ಗಳಿಗೆ, ಜೊತೆ ಗುಂಡಿ ಹಚ್ಚಿಕೊಡ್ತೀನಿ" ಎಂದು ಅವನ ಎದೆಗೇ ಕೈ ಹಾಕಿದಳು. ಅವನು ಎರಡೂ ಕೈಯಲ್ಲಿ ಎದೆ ಮುಚ್ಚಿಕೊಂಡು, ಊಟದ ತಟ್ಟೆ ದಾಟಿ, ಬಚ್ಚಲುಮನೆಗೆ ಓಡಿ ಚಿಲಕ ಹಾಕಿಕೊಂಡ. ಹೆಂಗಸರ ಎದುರು ಅಂಗಿ ಬಿಚ್ಚಲು ನಾಚುವ ಗಂಡಸು ಅಂದರೆ ಸಂಸ್ಕಾರವಂತ ಎಂದು ನಂಜುಂಡಯ್ಯ ಅದಕ್ಕೂ ಒಂದು ಅರ್ಥ ಹಚ್ಚಿದ.

ಆಮೇಲೆ ಶುರುವಾಯಿತು ಶೆಡ್ಡು ತೋರಿಸುವ ಮೆರವಣಿಗೆ. ಬೀಗರ ಕಡೆಯವನ ಕೈಯಲ್ಲಿ ಸಲಿಕೆ ಹಿಡಿಸಲಾದೀತೆ? ನಂಜುಂಡಯ್ಯ ಮುಂದೆ, ಅಂಕಯ್ಯ ಹಿಂದೆ. ಒಳಗೆ ಹೋದರೆ ಕಣ್ಣು ಹಾಯುವವರೆಗೂ ತಂತಿಯ ಗೂಡುಗಳು, ಮೂರು ಅಂತಸ್ತು. ಅವುಗಳೊಳಗೆ ಬಿಳಿ ಕೋಳಿಗಳು ಒಂದರ ಮೇಲೊಂದು ಒತ್ತಿಕೊಂಡು ನಿಂತಿದ್ದವು, ಕತ್ತು ಮಾತ್ರ ಹೊರಗೆ. ಕೆಳಗೆ ಗೊಬ್ಬರ ಮೊಣಕಾಲುದ್ದ ಬಿದ್ದಿತ್ತು.

"ಒಂದು ಕೇಜಿಗೆ ಎಷ್ಟು ಕೋಳಿ ಅಣ್ಣ?" ಅಂಕಯ್ಯ ಕೇಳಿದ.

ಆಸ್ತಿ ಅಂದಾಜು ಮಾಡುತ್ತಿದ್ದಾನೆ ಎಂದು ನಂಜುಂಡಯ್ಯನಿಗೆ ಹೊಳೆಯಿತು. ಎದೆ ಉಬ್ಬಿಸಿದ. "ಕೇಜ್ ಮಾರ್ದೋನು ನಾಲ್ಕು ಬುಡಿ ಅಂದ. ನಾನು ಆರು ತುಂಬ್ದೆ! ಯಾರಿಗ್ ಬತ್ತದೆ ಈ ತಲೆ?" ಅಂಕಯ್ಯನ ಕಣ್ಣು ಅಗಲವಾದದ್ದನ್ನು ಕಂಡು ಇನ್ನೂ ಒಂದು ಮೆಟ್ಟಿಲು ಹತ್ತಿದ. "ಕೆಲವದ್ರಾಗೆ ಏಳೂ ಅವೆ."

"ರೆಕ್ಕೆ ಬಿಚ್ಚೋಕೆ ಜಾಗ ಬೇಡವಾ?"

"ಬಿಚ್ಚಿ ಎಲ್ಲಿಗೋಗ್ಬೇಕು ಅವು? ನಂಟರ ಮನೆಗಾ?"

"ಕೊಕ್ಕು ಯಾಕೆ ಹೀಗಿದೆ?"

"ಕುಕ್ಕಾಡ್ತವೆ ಅಂತ ಮರೀಲೇ ಬಿಸಿ ಬ್ಲೇಡಲ್ಲಿ ಚಟ್ ಅಂತ ಹಾರಿಸ್ಬುಡೋದು. ನಾನೇ ಕೈಯಾರ ಮಾಡ್ತೀನಿ, ಗಂಟೆಗೆ ಇನ್ನೂರು."

ಇದು ಹಸಿ ಸುಳ್ಳು. ಕೊಕ್ಕು ಸುಡುವವನು ಹೊರಗಿನಿಂದ ಬರುತ್ತಿದ್ದ, ಆ ದಿನ ನಂಜುಂಡಯ್ಯ ಏನಾದರೂ ನೆಪ ಹೇಳಿ ಕನಕಪುರಕ್ಕೆ ಹೋಗಿಬಿಡುತ್ತಿದ್ದ. ಆ ಸುಟ್ಟ ವಾಸನೆ ಅವನಿಗೆ ಆಗುತ್ತಿರಲಿಲ್ಲ. ಆದರೆ ಬೀಗರ ಎದುರು ಅದನ್ನು ಹೇಳಲಾದೀತೆ? ಕೈಲಾಗದವನು ಅಂದುಕೊಂಡರೆ?

"ಮೊಟ್ಟೆ ಕಮ್ಮಿ ಆದರೆ ಏನು ಮಾಡ್ತೀರಿ?"

"ಫೀಡ್ ನಿಲ್ಸೋದು! ಹದಿನೈದು ದಿನ ಒಂದು ಕಾಳಿಲ್ಲ. ಗರಿಯೆಲ್ಲಾ ಉದುರೋಯ್ತವೆ. ಸತ್ತವು ಸಾಯ್ತವೆ, ಮಿಕ್ಕವು ಬುದ್ಧಿ ಕಲ್ತು ಮತ್ತೆ ಇಕ್ತವೆ. ಸುತ್ತಲ ಹಳ್ಳಿಯೋರಿಗೆಲ್ಲಾ ನಾನೇ ಹೇಳ್ಕೊಟ್ಟಿದ್ದು." ನಿಜಕ್ಕೂ ಅವನು ನಿಲ್ಲಿಸುತ್ತಿದ್ದದ್ದು ಹತ್ತು ದಿನ. ಹತ್ತು ದಿನ ಹಸಿವಿನಲ್ಲಿಡುವುದೇನು ಪುಣ್ಯದ ಕೆಲಸವಲ್ಲ, ಆದರೆ ಅದನ್ನೂ ಹದಿನೈದು ಅಂತ ಜಂಬ ಕೊಚ್ಚಿಕೊಳ್ಳುವ ಇವನ ಬುದ್ಧಿಗೆ ಏನು ಹೇಳೋಣ!

"ಪಾಪ ಅನ್ನಿಸಲ್ವಾ ಅಣ್ಣ?"

ಆಹಾ, ಇದೇ ಕಡೇ ಪರೀಕ್ಷೆ ಅಂದುಕೊಂಡ ನಂಜುಂಡಯ್ಯ. ಹೆಣ್ಣಿನ ಅಪ್ಪ ಎಷ್ಟು ಗಟ್ಟಿ ಅಂತ ನೋಡುತ್ತಿದ್ದಾರೆ. ಮೀಸೆಯ ಮೇಲೆ ಕೈಯಾಡಿಸಿ, ಸರಿಯಾಗಿ ಆ ಗುಂಡಿಯ ಎದುರಿಗೇ ನಿಂತು ಹೇಳಿದ: "ಪಾಪಗೀಪ ನೋಡ್ತಾ ಕುಂತ್ರೆ ಸಂಸಾರ ಮಾಡಕ್ಕಾದದಾ? ಕೋಳಿ ಇರೋದು ಮೊಟ್ಟೆ ಇಕ್ಕಕ್ಕೆ. ಜೋರಾಗಿ ಇಟ್ಕಂಡ್ರೆ ತೆಪ್ಪಗೆ ಬಿದ್ದಿರ್ತವೆ."

ಅಷ್ಟರಲ್ಲಿ ಕಾವೇರಿ ಬಂದಳು, ಅಪ್ಪನ ಅಪ್ಪಣೆ ಪ್ರಕಾರ ರೇಷ್ಮೆ ಸೀರೆಯಲ್ಲಿ, ಗೊಬ್ಬರದ ಮಧ್ಯೆ ಸೆರಗು ಎತ್ತಿಕೊಂಡು, ತಟ್ಟೆಯಲ್ಲಿ ಬಾಳೆಹಣ್ಣು ಹಿಡಿದು. ಕೂಲಿಯವನಿಗೆ ಶೆಡ್ಡಿನೊಳಗೆ ರೇಷ್ಮೆ ಸೀರೆಯಲ್ಲಿ ಬಾಳೆಹಣ್ಣು! ಅವಳ ಮುಖ ಧುಮುಗುಟ್ಟುತ್ತಿತ್ತು. ಅಂಕಯ್ಯ ಹಣ್ಣು ತಗೊಂಡು, ಅವಳಿಗೆ ಕೈ ಮುಗಿದು, ಏನು ಹೇಳಬೇಕೋ ತೋಚದೆ ಎರಡು ಸಲ ಥ್ಯಾಂಕ್ಸ್ ಅಂದ.

ಮಾರನೇ ದಿನ ಸಂಜೆ ಕಾವೇರಿ ಅಪ್ಪನ ಹತ್ತಿರ ಬಂದು ನಿಂತಳು. "ಅಪ್ಪ, ಅವ್ರು ಬೀಗರ ಕಡೆಯೋರಲ್ಲ."

"ನಿಂಗೇನ್ ಗೊತ್ತು ಸುಮ್ಕಿರವ್ವ."

"ಮೂರನೇ ಶೆಡ್ಡಲ್ಲಿ ನಿಂತ್ಕಂಡು ಅಳ್ತಿದ್ರು."

"ಗೊಬ್ಬರದ ಗಾಳಿಗೆ ಕಣ್ಣು ಉರೀತದೆ ಕಣ್ ಮಗ, ಹೊಸಬ್ರಿಗೆ."

"ಗಾಳಿಗೆ ಅಳೋರು ಕೋಳಿ ಹತ್ರ ಸಾರಿ ಅಂತ ಹೇಳಲ್ಲ."

ನಂಜುಂಡಯ್ಯ ಅದಕ್ಕೂ ತಲೆದೂಗಿ, ಮೃದು ಸ್ವಭಾವದ ಮನೆತನ, ಮಗಳು ಸುಖವಾಗಿರುತ್ತಾಳೆ ಎಂದು ತೀರ್ಮಾನಿಸಿದ. ಆ ಮನುಷ್ಯನಿಗೆ ಸಂಬಂಧದ ಹುಚ್ಚು ಅಷ್ಟು ಹಿಡಿದಿತ್ತು.

ಮೂರನೇ ದಿನ ಅಂಕಯ್ಯ "ಅಮ್ಮನಿಗೆ ಹುಷಾರಿಲ್ಲ, ಫೋನ್ ಬಂತು" ಎಂದು ಹೊರಟು ನಿಂತ. ನಂಜುಂಡಯ್ಯ ಅವನನ್ನು ಬಸ್ ಸ್ಟಾಪಿನ ತನಕ ತಾನೇ ಗಾಡಿಯಲ್ಲಿ ಬಿಟ್ಟ. ಬಸ್ಸು ಬಂದಾಗ ಮೂವತ್ತು ಮೊಟ್ಟೆಯ ಟ್ರೇ ಒಂದನ್ನು ಅವನ ಕೈಗೆ ತುರುಕಿ, ಕಣ್ಣು ಮಿಟುಕಿಸಿ, "ಮನೇಲಿ ಹಿರೀರಿಗೆ ನಮ್ಮ ನಮಸ್ಕಾರ ಹೇಳ್ಬುಡಿ. ನೀವು ಯಾಕ್ ಬಂದಿದ್ದು ಅಂತ ನಂಗೆ ಮೊದಲ್ನೇ ದಿನಾನೇ ಗೊತ್ತಾಗೋಯ್ತು" ಎಂದ. ಅಂಕಯ್ಯನ ಮುಖದ ರಕ್ತವೆಲ್ಲಾ ಇಳಿದುಹೋಯಿತು. ಮೊಟ್ಟೆ ಎಂದರೆ ಮುಟ್ಟದ ಮನುಷ್ಯ, ತುಂಬಿದ ಬಸ್ಸಿನಲ್ಲಿ ಎರಡು ಕೈಯಲ್ಲೂ ಟ್ರೇ ಹಿಡಿದು, ಕಂಬಕ್ಕೆ ಬೆನ್ನು ಒರಗಿಸಿ ನಿಂತುಕೊಂಡು ಹೋದ.

ಹತ್ತು ದಿನ ಕಳೆಯಿತು. ಬಿಡದಿಯಿಂದ ಸುದ್ದಿಯಿಲ್ಲ. ಹನ್ನೊಂದನೇ ದಿನ ಮುನಿಶಾಮಯ್ಯ ಗಾಡಿಯನ್ನು ಸ್ಟ್ಯಾಂಡ್ ಹಾಕದೆಯೇ ಬೀಳಿಸಿಬಿಟ್ಟು ಓಡಿ ಬಂದ. ಕೈಯಲ್ಲಿ ಫೋನು. "ಅಣ್ಣ, ಇದೇನಣ್ಣ ಮಾಡ್ಕಂಡೆ! ಊರೂರೆಲ್ಲಾ ನೋಡ್ತಾವ್ರೆ!"

ನಂಜುಂಡಯ್ಯ ಕನ್ನಡಕ ಹಾಕಿಕೊಂಡು ನೋಡಿದ. ಮೊದಲು ಶೆಡ್ಡು ಬಂತು, ಹಿಂದೆ ಯಾವುದೋ ದುಃಖದ ಸಂಗೀತ. ಆಮೇಲೆ ಒಬ್ಬ ಮನುಷ್ಯ ಬಂದ. ಮುಖವನ್ನು ಮಸುಕು ಮಾಡಿದ್ದರು. ಆದರೆ ಹೆಗಲ ಮೇಲಿನ ಟವೆಲು, ಆ ದನಿ, ಆ "ಯಾರಿಗ್ ಬತ್ತದೆ ಈ ತಲೆ" ಮಸುಕಾಗುತ್ತದೆಯೇ? ನಿನ್ನೆ ಹುಟ್ಟಿದ ಮಗುವೂ ಹೇಳುತ್ತಿತ್ತು ಇದು ನಂಜುಂಡಯ್ಯ ಅಂತ. ಮೊದಮೊದಲು ಅವನಿಗೆ ಖುಷಿಯೇ ಆಯಿತು, ತಾನು ಫೋನಿನಲ್ಲಿ ಬಂದಿದ್ದೇನೆ ಎಂದು. ಕೆಳಗಿದ್ದ ಅಕ್ಷರ ಓದಿದ ಮೇಲೆ ಖುಷಿ ಇಳಿಯಿತು. "ಕೋಳಿ ನರಕದ ಯಜಮಾನ" ಎಂದು ಬರೆದಿದ್ದರು.

"ಅಂಗಾರೆ ಅವ್ನು ಬೀಗರ ಕಡೆಯೋನಲ್ವೇನ್ಲಾ ಮುನಿಶಾಮಿ?"

"ಅಲ್ಲ ಕಣಣ್ಣ. ಕೋಳಿ ಕಡೆಯೋನು."

ಆಮೇಲಿನ ಪಾಡು ನಾಯಿಪಾಡು. ತಾಲ್ಲೂಕಿನಿಂದ ಇಬ್ಬರು ಅಧಿಕಾರಿಗಳು ಬಂದು, ಶೆಡ್ಡು ಸುತ್ತಿ, ಕೇಜಿಗೆ ಕೇಜು ನೋಡಿ, ಒಂದು ತಿಂಗಳೊಳಗೆ ಸರಿಪಡಿಸದಿದ್ದರೆ ಬೀಗ ಎಂದು ನೋಟಿಸು ಕೊಟ್ಟು ಹೋದರು. ಕೋಡಿಹಳ್ಳಿಯ ಟೀ ಅಂಗಡಿಯಲ್ಲಿ ಬೆಂಚಿನ ಮೇಲೆ ನಾಲ್ಕು ಜನ ಕೂತಿದ್ದವರು ಇವನನ್ನು ಕಂಡು ಒತ್ತರಿಸಿಕೊಂಡರು. "ಬಾ ನಂಜುಂಡಣ್ಣ, ನಾಲ್ಕರ ಬೆಂಚಲ್ಲಿ ಆರು ಜನ ಕುಂತ್ಕಳವ. ಯಾರೂ ಕೈ ಆಡಿಸ್ಬೇಡ್ರಪ್ಪ, ಎಲ್ಲಿಗೋಗ್ಬೇಕು ಕೈ?" ನಂಜುಂಡಯ್ಯ ಟೀ ಕುಡಿಯದೆ ವಾಪಸು ಬಂದ. ಮನೆಯಲ್ಲಿ ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿದ. ಗಂಡನ ತಟ್ಟೆ ಎತ್ತಿಡುತ್ತಾ ನಾಗಲಕ್ಷ್ಮಮ್ಮ, "ಮಲಗಲಿ ಬುಡು. ಹದಿನೈದು ದಿನ ಉಣ್ದೆ ಇದ್ರೆ ಗರಿ ಉದುರಿ ಬುದ್ಧಿ ಬತ್ತದಂತೆ" ಎಂದು ಮಗಳಿಗೆ ಕೇಳಿಸುವ ಹಾಗೆ, ಗಂಡನಿಗೂ ಕೇಳಿಸುವ ಹಾಗೆ ಹೇಳಿದಳು.

ನೋಟಿಸಿನ ಚಿಂತೆ ಅವನಿಗೆ ಅಷ್ಟಿರಲಿಲ್ಲ, ಜನರ ನಗೆಯದೂ ಅಷ್ಟಿರಲಿಲ್ಲ. ಮಗಳ ಸಂಬಂಧ ತನ್ನ ಬಾಯಿಂದಲೇ ಹಾಳಾಯಿತಲ್ಲ ಎಂಬುದೇ ದೊಡ್ಡ ಚಿಂತೆ. ಮಾಗಡಿಯವರನ್ನು ಓಡಿಸಿದ್ದು ವಾಸನೆ, ಬಿಡದಿಯವರನ್ನು ಓಡಿಸುವುದು ನಾಲಿಗೆ.

ಆದರೆ ಬಿಡದಿಯವರು ಓಡಲಿಲ್ಲ. ಭಾನುವಾರ ಬೆಳಗ್ಗೆ ಗೇಟಿನ ಮುಂದೆ ಬಿಳಿ ಕಾರು ನಿಂತಿತು. ಇಳಿದವನು ಸಾಕ್ಷಾತ್ ರಾಮಲಿಂಗಯ್ಯ, ಹಣ್ಣಿನ ಬುಟ್ಟಿ ಸಮೇತ, ಬಾಯಿ ತುಂಬ ನಗುತ್ತಾ. ಹಿಂದೆ ಮುನಿಶಾಮಯ್ಯ, ಬಾಯಿ ತುಂಬ ಎಲೆ ಅಡಿಕೆ.

"ಬೀಗರೇ!" ರಾಮಲಿಂಗಯ್ಯ ಗೇಟಿನಿಂದಲೇ ಕೂಗಿದ. ನಂಜುಂಡಯ್ಯನಿಗೆ ಕಿವಿ ನಂಬಲಾಗಲಿಲ್ಲ. ಹೆಗಲ ಟವೆಲು ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡು ಗೇಟಿನತ್ತ ಓಡಿದ.

ರಾಮಲಿಂಗಯ್ಯ ಜಗಲಿಯಲ್ಲಿ ಕೂತು ತೊಡೆ ತಟ್ಟಿದ. "ನಿಮ್ಮನೆ ವಿಚಾರಿಸ್ಕಂಡು ಬರಕ್ಕೆ ನನ್ನ ತಮ್ಮನ್ನ ಕಳಿಸ್ಬೇಕು ಅಂತಿದ್ದೆ. ಅಷ್ಟ್ರಲ್ಲಿ ವಿಡಿಯೋ ಬಂತು, ನಮಗೆ ತಿರುಗಾಟ ಉಳೀತು. ಮನೆಮಂದಿ ಎಲ್ಲಾ ಕುಂತ್ಕಂಡು ನಾಲ್ಕ್ ಸಲ ನೋಡುದ್ವಿ. ಏನ್ ತಲೆ ಸ್ವಾಮಿ ನಿಮ್ದು! ನಾಲ್ಕರ ಜಾಗದಾಗೆ ಆರು! ಸುಮ್ನೆ ಮಾತಾ?"

ನಾಗಲಕ್ಷ್ಮಮ್ಮ ಬಾಗಿಲ ಹಿಂದಿನಿಂದಲೇ ದೇವರಿಗೆ ಕೈ ಮುಗಿದಳು. ನಂಜುಂಡಯ್ಯನ ಕಣ್ಣಲ್ಲಿ ನೀರೇ ಬಂತು. ಕಂಕುಳಿನ ಟವೆಲು ತೆಗೆದು ಹೆಗಲ ಮೇಲೆ ಹಾಕಿಕೊಂಡ. "ಏನೋ ತಮ್ಮ ದೊಡ್ಡತನ" ಅಂದ.

"ದೊಡ್ಡತನ ಏನ್ಬಂತು, ನಮ್ಮನೇನೂ ಹಂಗೇಯ. ಮೂರು ರೂಮು, ಹನ್ನೊಂದು ಜನ. ಯಾರೂ ಮಿಸುಕಾಡಂಗಿಲ್ಲ, ಹೊಂದ್ಕಂಡು ಹೋಯ್ತಾವ್ರೆ. ದೊಡ್ಡ ಸೊಸೆ ಬಂದ ಹೊಸದ್ರಲ್ಲಿ ಒಸಿ ಕುಣೀತಿದ್ಲು. ಟೀಚರ್ ಕೆಲಸಕ್ಕೆ ಹೋಯ್ತೀನಿ, ತವರಿಗೆ ಹೋಯ್ತೀನಿ ಅಂತ. ನಿಮ್ಮಂಗೇ ಮಾಡುದ್ವಿ ನೋಡಿ." ಅವನು ನಕ್ಕು ನಕ್ಕು ಕೆಮ್ಮಿದ. "ಮೂರು ದಿನ ಅಡಿಗೆಮನೆಗೆ ಬೀಗ ಹಾಕ್ಬುಟ್ಳು ನನ್ನ ಹೆಂಡ್ತಿ. ನಾಲ್ಕನೇ ದಿನ ಬಾಯಿ ಮುಚ್ಚಿದೋಳು ಇವತ್ತಿಗೂ ತೆಗ್ದಿಲ್ಲ. ನೀವ್ ಹೇಳುದ್ರಲ್ಲ, ಜೋರಾಗಿ ಇಟ್ಕಂಡ್ರೆ ತೆಪ್ಪಗೆ ಬಿದ್ದಿರ್ತವೆ ಅಂತ. ಬರೆದಿಟ್ಕಳೋ ಮಾತು!"

ಮುನಿಶಾಮಯ್ಯ ನಕ್ಕ. ನಂಜುಂಡಯ್ಯನೂ ಅಭ್ಯಾಸಬಲದಿಂದ ನಗಲು ಬಾಯಿ ತೆರೆದ, ನಗು ಬರಲಿಲ್ಲ. ಅದೇ ಹೊತ್ತಿಗೆ ಕಾವೇರಿ ಕಾಫಿ ತಂದಳು. ಲೋಟ ಇಡಲು ಬಗ್ಗಿದಾಗ ಅವಳು ಅಪ್ಪನ ಮುಖ ನೋಡಿದಳು. ಕೇಳುವುದೇನೂ ಇರಲಿಲ್ಲ ಆ ನೋಟದಲ್ಲಿ, ಕೋಪವೂ ಇರಲಿಲ್ಲ. ಅಪ್ಪ ಈ ಸಂಬಂಧಕ್ಕೆ ಎಷ್ಟು ಹಂಬಲಿಸಿದ್ದಾನೆ ಅಂತ ಅವಳಿಗೆ ಗೊತ್ತಿತ್ತು. ಒಪ್ಪಿಕೊಂಡವಳ ಹಾಗೆ ಸುಮ್ಮನೆ ನಿಂತಿದ್ದಳು. ಖಾರವಾಗಿ ಮಾತಾಡುವ ತನ್ನ ಮಗಳು ಹಾಗೆ ಸುಮ್ಮನೆ ನಿಂತದ್ದನ್ನು ಅವನು ಯಾವತ್ತೂ ಕಂಡಿರಲಿಲ್ಲ, ಅವನಿಗೆ ಹೆದರಿಕೆಯಾಯಿತು.

"ಯಾವಾಗ ಇಟ್ಕಳವ ಲಗ್ನ?" ರಾಮಲಿಂಗಯ್ಯ ಕಾಫಿ ಸೊರ್ ಎಂದು ಹೀರಿದ.

"ಬ್ಯಾಡಿ ಯಜಮಾನ್ರೆ."

"ಆಷಾಢ ಅಂತಲಾ?"

"ಸಂಬಂಧಾನೇ ಬ್ಯಾಡಿ."

ಮುನಿಶಾಮಯ್ಯನ ಬಾಯಿಂದ ಎಲೆ ಅಡಿಕೆ ಜಾರಿ ಅಂಗಿಯ ಮೇಲೆ ಬಿತ್ತು. ರಾಮಲಿಂಗಯ್ಯ ಲೋಟ ಕೆಳಗಿಟ್ಟ. "ಯಾಕ್ರೀ? ನಾವೇ ಒಪ್ಪಿ ಬಂದಿದ್ದೀವಲ್ರೀ! ನಮ್ಮಲ್ಲೇನ್ ಕುಂದು ಕಾಣ್ತು ನಿಮಗೆ?"

ನಂಜುಂಡಯ್ಯ ಹೆಗಲ ಟವೆಲು ತೆಗೆದು ಮಡಿಸುತ್ತಾ ಸರಿಯಾದ ಮಾತು ಹುಡುಕಿದ. ಜಂಬದ ಮಾತಾಗಿದ್ದರೆ ತಟ್ಟನೆ ಬರುತ್ತಿತ್ತು. "ಆ ವಿಡಿಯೋ ನೀವು ನಾಲ್ಕ್ ಸಲ ನೋಡುದ್ರಿ ಅಂದ್ರಲ್ಲ" ಅಂದ. "ನಾನು ಒಂದ್ ಸಲಾನೂ ಪೂರ್ತಿ ನೋಡಕ್ಕಾಗ್ನಿಲ್ಲ. ಆ ಮೂಲೇಲಿ ಕಾಲು ತಂತಿಗೆ ಸಿಕ್ಕಾಕಂಡಿರೋ ಕೋಳಿ ಬತ್ತದಲ್ಲ, ಅಲ್ಲಿಗೆ ನಿಲ್ಲಿಸ್ಬುಟ್ಟೆ. ನೀವೆಲ್ಲಾ ಕುಂತ್ಕಂಡು ನಾಲ್ಕ್ ಸಲ ನೋಡಿ ನಕ್ಕಿದ್ದೀರಿ. ನನ್ನ ಮಗಳನ್ನ ಆ ಮನೆಗೆ ಕಳಿಸಕ್ಕೆ ನಂಗೆ ಧೈರ್ಯ ಬರಲ್ಲ."

"ಮಾಡ್ದೋನೇ ನೀನಲ್ವೇನಯ್ಯಾ!" ರಾಮಲಿಂಗಯ್ಯ ಎದ್ದು ನಿಂತು ಅರಚಿದ.

"ಹೌದು ಕಣಯ್ಯ, ಮಾಡ್ದೋನು ನಾನೇ. ನಾನು ಇಲ್ಲ ಅಂದ್ನಾ?"

ಬಿಳಿ ಕಾರು ಧೂಳೆಬ್ಬಿಸಿಕೊಂಡು ಹೋಯಿತು, ಹಣ್ಣಿನ ಬುಟ್ಟಿಯನ್ನೂ ವಾಪಸು ತಗೊಂಡು ಹೋಯಿತು. ನಾಗಲಕ್ಷ್ಮಮ್ಮ ಬಾಗಿಲಿಗೆ ಒರಗಿ ಗೊಳೋ ಎಂದು ಅತ್ತಳು. ಗಂಡನನ್ನು ಬಯ್ದಳು, ಮುನಿಶಾಮಯ್ಯನನ್ನು ಬಯ್ದಳು, ಕೋಳಿಯನ್ನು ಕಂಡುಹಿಡಿದವನನ್ನೂ ಬಯ್ದಳು. ಆಮೇಲೆ ಕಣ್ಣೊರೆಸಿಕೊಂಡು, "ಮೂರು ದಿನ ಬೀಗ ಹಾಕಿದ್ಳಂತಲ್ಲ, ಅವಳ ಮನೆ ಹಾಳಾಗ" ಎಂದು ಒಳಗೆ ಹೋದಳು.

ಜಗಲಿಯಲ್ಲಿ ಅಪ್ಪ, ಮಗಳು ಇಬ್ಬರೇ ಉಳಿದರು. ನಂಜುಂಡಯ್ಯನಿಗೆ ಹಗುರಾಗಿತ್ತು. ಜೀವನದಲ್ಲಿ ಮೊದಲ ಸಲ ಒಂದು ದೊಡ್ಡ ಕೆಲಸ ಮಾಡಿದೆ ಅನ್ನಿಸಿ, ಮಗಳು ಒಂದು ಒಳ್ಳೆಯ ಮಾತು ಆಡುತ್ತಾಳೆಂದು ಕಾದ. ಕಾವೇರಿ ಲೋಟಗಳನ್ನು ತಟ್ಟೆಗೆ ಜೋಡಿಸಿಕೊಂಡಳು.

"ನನ್ನ ಬುಟ್ರಿ, ಸರಿ ಕಣಪ್ಪ" ಅಂದಳು. "ಅವು?"

"ಯಾವು?"

ಅವಳು ಶೆಡ್ಡಿನ ಕಡೆ ತಿರುಗಿ ನೋಡಿದಳು. ಅಲ್ಲಿಂದ ಕೋಳಿಗಳ ಸದ್ದು ಕೇಳುತ್ತಲೇ ಇತ್ತು. ನಂಜುಂಡಯ್ಯ "ನೋಟಿಸ್ಗೆ ಇನ್ನೂ ಟೈಮ್ ಐತೆ" ಅಂದ. "ಹೊಸ ಶೆಡ್ಡು ಅಂದ್ರೆ ಸುಮ್ನೆ ಆಯ್ತದಾ" ಅಂದ. ಮಗಳು ಅವನನ್ನೇ ನೋಡುತ್ತಾ ನಿಂತಿದ್ದಳು. ಈಗ ಆ ನೋಟದಲ್ಲಿ ಕೇಳುವುದಿತ್ತು. ಕೊನೆಗೆ ಅವನು ಗೊಣಗುತ್ತಾ ಎದ್ದು ಚಪ್ಪಲಿ ಮೆಟ್ಟಿಕೊಂಡು ಮೂರನೇ ಶೆಡ್ಡಿನ ಕಡೆ ನಡೆದ. ಅವಳು ತಟ್ಟೆಯನ್ನು ಅಲ್ಲೇ ಇಟ್ಟು ಹಿಂದೆ ಹೋದಳು.

ಬಾಗಿಲ ಹತ್ತಿರದ ಕೇಜಿನ ಚಿಲಕ ತೆಗೆದು ನಂಜುಂಡಯ್ಯ ಕೈ ಹಾಕಿದ. ಇಪ್ಪತ್ತು ವರ್ಷದಿಂದ ಕೋಳಿ ಸಾಕಿದವನು, ಆದರೂ ಹಿಡಿಯಲು ಬರಲಿಲ್ಲ, ಎರಡು ಸಲ ಪರಚಿಸಿಕೊಂಡ. ಒಂದನ್ನು ಎತ್ತಿ ಹೊರಗೆ ಅಂಗಳದ ಮಣ್ಣಿನ ಮೇಲೆ ಬಿಟ್ಟ. ಇನ್ನೊಂದನ್ನೂ ತಂದು ಬಿಟ್ಟ. "ಹೋಗಿ" ಅಂದ. "ಥೂ ಥೂ" ಎಂದು ಓಡಿಸಲು ಕೈ ಬೀಸಿದ. ಎರಡೂ ಬಿಟ್ಟಲ್ಲೇ ನಿಂತಿದ್ದವು, ಒಂದಕ್ಕೊಂದು ಒತ್ತಿಕೊಂಡು, ಸುತ್ತ ಇಷ್ಟೊಂದು ಜಾಗ ಇರುವಾಗ.

"ಇದ್ಯಾಕವ್ವ, ನಡೀತಾನೇ ಇಲ್ವಲ್ಲ ಇವು?"

"ಯಾವತ್ತು ನಡೆದವೆ ಅಪ್ಪ?"

ನಂಜುಂಡಯ್ಯ ಅಲ್ಲೇ ಮಣ್ಣಿನಲ್ಲಿ ಕುಕ್ಕರಿಸಿದ. ಅವನಿಗೆ ಅಳು ಬಂತು, ಮಗಳ ಎದುರಿಗೇ ಅತ್ತ. ಒಂದು ಕೋಳಿ ಕಾಲೆತ್ತಿತು, ಎತ್ತಿದ ಕಾಲನ್ನು ಎಲ್ಲಿಡಬೇಕೆಂದು ಗೊತ್ತಾಗದೆ ಬಹಳ ಹೊತ್ತು ಹಾಗೇ ಹಿಡಿದುಕೊಂಡಿತು, ಆಮೇಲೆ ಮೆಲ್ಲಗೆ ಮುಂದಿಟ್ಟಿತು. ಕಾವೇರಿ ಶೆಡ್ಡಿನೊಳಕ್ಕೆ ಹೋಗಿ ಮೂರನೆಯದನ್ನು ಎತ್ತಿಕೊಂಡು ಬಂದಳು.